ಕಪ್ಪು ಕಾರಿಗೆ ವ್ಯಾಕ್ಸ್: ಮೈಸೂರಿನ ನೀರು, ಬಿಸಿಲಿಗೆ ಹೊಂದುವಂತೆ ನಾನು ಮಾಡುವ ರೀತಿ

ನನ್ನದು ಅಚ್ಚ ಕಪ್ಪು ಬಣ್ಣದ ಕಾರು. ಮೈಸೂರಿನ ಸರಸ್ವತಿಪುರಂನಲ್ಲಿ, ಮನೆ ಮುಂದಿನ ಹೊಂಗೆ ಮರದ ಕೆಳಗೆ ನಿಲ್ಲುತ್ತದೆ. ಯಾವ ವ್ಯಾಕ್ಸ್ ಹಾಕ್ತೀರಿ ಅಂತ ಕೇಳುವವರು ಜಾಸ್ತಿ. ಅದಕ್ಕೂ ಮೊದಲು ಏನೇನು ಮಾಡ್ತೀರಿ ಅಂತ ಕೇಳುವವರು ಕಡಿಮೆ. ಕಪ್ಪು ಕಾರಿನ ಮಟ್ಟಿಗೆ ಈ ಎರಡನೇ ಪ್ರಶ್ನೆಯೇ ದೊಡ್ಡದು. ಹೊಳಪು ಬರುವುದು ಬಣ್ಣದ ನುಣುಪಿನಿಂದ. ವ್ಯಾಕ್ಸ್ ಅದನ್ನು ಕಾಪಾಡುತ್ತದೆ, ಮೇಲೊಂದಿಷ್ಟು ಮೆರುಗು ಕೊಡುತ್ತದೆ.

ಬಣ್ಣದ ಮೇಲೆ ಕ್ಲಿಯರ್ ಕೋಟ್ ಅಂತ ಒಂದು ಪಾರದರ್ಶಕ ಪದರ ಇರುತ್ತದೆ. ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್ ದಪ್ಪ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ). ಅದರಲ್ಲಿ ಬಿದ್ದ ಸಣ್ಣ ಗೆರೆಯ ಅಂಚಿಗೆ ಬೆಳಕು ತಾಗಿದರೆ ಬೆಳ್ಳಗೆ ಮಿಂಚುತ್ತದೆ. ಬಿಳಿ ಕಾರಿನಲ್ಲಿ ಆ ಬಿಳುಪು ಕಾಣುವುದಿಲ್ಲ. ಕಪ್ಪಿನಲ್ಲಿ ಎದ್ದು ಕಾಣುತ್ತದೆ. ಬಿಸಿಲಲ್ಲಿ ಬಾನೆಟ್ ಮೇಲೆ ಸೂರ್ಯನ ಸುತ್ತ ಸುರುಳಿ ಸುರುಳಿಯಾಗಿ ಗೆರೆ ಕಾಣುತ್ತವಲ್ಲ, ಅವೇ ಇವು. ಬಹುಪಾಲು ಗೆರೆ ಬೀಳುವುದು ಬೆಳಿಗ್ಗೆ ಎದ್ದು ಒಣ ಬಟ್ಟೆಯಲ್ಲಿ ಧೂಳು ಒರೆಸುವುದರಿಂದ. ನಮ್ಮ ಬೀದಿಯಲ್ಲಿ ಎಲ್ಲ ಕಾರಿಗೂ ದಿನಾ ಈ ಸೇವೆ ನಡೆಯುತ್ತದೆ. ನನ್ನ ಕಾರಿಗೆ ಮಾತ್ರ ಬೇಡ ಅಂತ ಹೇಳಿಟ್ಟಿದ್ದೇನೆ.

ತೊಳೆಯುವಾಗ ಮೊದಲು ಬರೀ ನೀರು ಹೊಡೆದು ಮರಳು, ಮಣ್ಣು ಇಳಿಸುತ್ತೇನೆ. ಆಮೇಲೆ ಎರಡು ಬಕೆಟ್. ಒಂದರಲ್ಲಿ ಕಾರ್ ಶಾಂಪೂ, ಇನ್ನೊಂದರಲ್ಲಿ ಕಾರು ಉಜ್ಜುವ ಕೈಗವಸು ಜಾಲಿಸಲು ಬರೀ ನೀರು. ಪಾತ್ರೆ ತೊಳೆಯುವ ಸೋಪು ಹಳೇ ವ್ಯಾಕ್ಸನ್ನೂ ಕಿತ್ತುಹಾಕುತ್ತದೆ, ಹಾಗಾಗಿ ಮಾಮೂಲಿ ದಿನ ಅದು ಬೇಡ. ನೀರಿನ ವಿಷಯ ಇದಕ್ಕಿಂತ ಮುಖ್ಯ. ಬೋರ್ ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಒಣಗಿದಾಗ ಬಿಳಿ ಬಳೆಯಂತೆ ಉಳಿಯುತ್ತವೆ. ಬಿಸಿಲಿಗೆ ಬೆಂದರೆ ಕ್ಲಿಯರ್ ಕೋಟನ್ನೇ ತಿನ್ನುತ್ತವೆ. ಅದಕ್ಕೇ ಕೊನೆಯ ಜಾಲಿಕೆಗೆ ಕಾವೇರಿ ನೀರು ತುಂಬಿಟ್ಟುಕೊಂಡಿರುತ್ತೇನೆ. ತಾನಾಗಿ ಒಣಗಲು ಬಿಡದೆ ತಕ್ಷಣ ದಪ್ಪ ಮೈಕ್ರೋಫೈಬರ್ ಬಟ್ಟೆ ಹಾಸಿ ನೀರು ಹೀರಿಸುತ್ತೇನೆ. ಆಗಲೇ ಕಲೆ ಬಿದ್ದಿದ್ದರೆ, ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಒದ್ದೆ ಮಾಡಿ ಒರೆಸಿ, ಕೂಡಲೇ ತೊಳೆದುಬಿಟ್ಟರೆ ಹೊಸ ಕಲೆ ಹೋಗುತ್ತದೆ. ಆ ಜಾಗಕ್ಕೆ ಮತ್ತೆ ವ್ಯಾಕ್ಸ್ ಹಾಕಬೇಕಾಗುತ್ತದೆ.

ತೊಳೆದ ಮೇಲೆ ಕೈಗೆ ತೆಳು ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಬಣ್ಣದ ಮೇಲೆ ಮೆಲ್ಲಗೆ ಸವರಿ ನೋಡಿ. ಬರಿಗೈಗೆ ನುಣ್ಣಗಿದ್ದದ್ದು ಕವರ್ ಹಾಕಿದಾಗ ತರಿ ತರಿ ಅನ್ನಿಸುತ್ತದೆ. ಬ್ರೇಕಿನಿಂದ ಹಾರಿದ ಕಬ್ಬಿಣದ ಪುಡಿ, ಮರದ ಅಂಟು, ಟಾರು ಎಲ್ಲ ಅಲ್ಲಿ ಕೂತಿರುತ್ತದೆ. ಅದನ್ನು ತೆಗೆಯಲು ಕ್ಲೇ ಬಾರ್ ಬೇಕು, ಅಂದರೆ ಅಂಟಿದ ಕೊಳೆಯನ್ನು ಎತ್ತಿಕೊಳ್ಳುವ ಜೇಡಿಮಣ್ಣಿನಂಥ ಮೆತ್ತನೆಯ ಮುದ್ದೆ. ಶಾಂಪೂ ನೀರು ಧಾರಾಳವಾಗಿ ಚಿಮುಕಿಸಿ, ಒತ್ತದೆ, ನೇರ ಗೆರೆಯಲ್ಲಿ ಜಾರಿಸಬೇಕು. ಕೊಳೆ ಕಂಡಾಗೆಲ್ಲ ಮಡಚಿ ಹೊಸ ಮುಖ ಮಾಡಿಕೊಳ್ಳಬೇಕು. ಕ್ಲೇ ನೆಲಕ್ಕೆ ಬಿದ್ದರೆ ಎಸೆದುಬಿಡಿ. ಅದಕ್ಕೆ ಅಂಟಿದ ಒಂದು ಮರಳು ಕಾಳು ಸಾಕು, ಇಡೀ ಬಾಗಿಲು ಗೀಚಲು.

ಪಾಲಿಶ್ ಬೇರೆ, ವ್ಯಾಕ್ಸ್ ಬೇರೆ. ಪಾಲಿಶ್‌ನಲ್ಲಿ ಉಜ್ಜುವ ಪುಡಿ ಇರುತ್ತದೆ. ಅದು ಕ್ಲಿಯರ್ ಕೋಟನ್ನು ಒಂಚೂರು ಸವೆಸಿ ಗೆರೆ ತೆಗೆಯುತ್ತದೆ. ವ್ಯಾಕ್ಸ್ ಮೇಲೆ ಕೂರುವ ಪದರ. ಎರಡೂ ಸೇರಿಸಿದ ಕ್ಲೀನರ್ ವ್ಯಾಕ್ಸ್ ಕೂಡ ಸಿಗುತ್ತದೆ. ಕಪ್ಪು ಕಾರಿಗೆ ಅದು ನನಗೆ ಇಷ್ಟವಿಲ್ಲ. ಪ್ರತಿ ಸಲ ಸವೆಸುತ್ತಾ ಹೋಗುತ್ತದೆ, ಒಣಗಿದ ಬಿಳಿ ಪುಡಿ ಸಂದುಗಳಲ್ಲಿ ಕೂತುಬಿಡುತ್ತದೆ. ಮೊಬೈಲ್ ಟಾರ್ಚ್ ಹಿಡಿದು ನೋಡಿ, ಸುರುಳಿ ಗೆರೆ ನಿಜಕ್ಕೂ ಜಾಸ್ತಿ ಇದ್ದರೆ ಮಾತ್ರ ಫೈನ್ ಪಾಲಿಶ್ ಹಾಕುತ್ತೇನೆ. ಇರುವ ಪದರವೇ ತೆಳು, ಪದೇ ಪದೇ ಉಜ್ಜುವಂಥದ್ದಲ್ಲ.

ಇನ್ನು ಆಯ್ಕೆ. ಕಾರ್ನೌಬಾ ವ್ಯಾಕ್ಸ್ ಬರುವುದು ಬ್ರೆಜಿಲ್‌ನ ಈಶಾನ್ಯ ಭಾಗದ ತಾಳೆ ಜಾತಿಯ ಮರದ ಎಲೆಯಿಂದ. ಶುದ್ಧ ರೂಪದಲ್ಲಿ ಅದು ಕಲ್ಲಿನಂತೆ ಗಟ್ಟಿ, ಕರಗಲು 82 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿ ಬೇಕು. ಹಚ್ಚಲು ಬರಲಿ ಅಂತ ಎಣ್ಣೆ, ದ್ರಾವಕ ಸೇರಿಸುತ್ತಾರೆ. ಹಾಗಾಗಿ ಡಬ್ಬಿಯ ಮೇಲೆ ನೂರು ಭಾಗ ಕಾರ್ನೌಬಾ ಅಂತ ಬರೆದಿದ್ದರೆ ಮರುಳಾಗಬೇಡಿ. ಅಚ್ಚ ಕಪ್ಪಿನ ಮೇಲೆ ಇದು ಕೊಡುವ ಒದ್ದೆ ಒದ್ದೆ ಮೆರುಗು ಬೇರೆ ಯಾವುದರಲ್ಲೂ ನಾನು ಕಂಡಿಲ್ಲ. ಆದರೆ ನಮ್ಮ ಬಿಸಿಲಿನಲ್ಲಿ ಒಂದೆರಡು ತಿಂಗಳಿಗೆ ಇಳಿಯುತ್ತದೆ. ಸಿಂಥೆಟಿಕ್ ಸೀಲೆಂಟ್, ಅಂದರೆ ವ್ಯಾಕ್ಸ್ ಥರವೇ ಬಣ್ಣ ಕಾಪಾಡಲು ಹಚ್ಚುವ ಕೃತಕ ಲೇಪ, ಅದಕ್ಕಿಂತ ಹೆಚ್ಚು ಕಾಲ ತಡೆಯುತ್ತದೆ. ಹೊಳಪು ಗಾಜಿನ ಥರ, ಮೆಟಾಲಿಕ್ ಕಡುನೀಲಿ ಅಥವಾ ಬೂದು ಬಣ್ಣಕ್ಕೆ ಚೆನ್ನಾಗಿ ಒಪ್ಪುತ್ತದೆ. ಮಂಡ್ಯ ಕಡೆಯ ಹಳ್ಳಿಯಲ್ಲಿರುವ ನಮ್ಮ ಭಾವನ ಕಾರು ಆಲೆಮನೆ ಪಕ್ಕದಲ್ಲೇ ನಿಲ್ಲುತ್ತದೆ. ಕಬ್ಬಿನ ರಚ್ಚು ಉರಿಸಿದ ಬೂದಿ ಸದಾ ಬಂದು ಕೂರುತ್ತದೆ. ಅದಕ್ಕೆ ಸೀಲೆಂಟ್ ಮಾತ್ರ ಹಾಕಿಸಿದ್ದೇನೆ. ನನ್ನ ಕಾರಿಗೆ ಕೆಳಗೆ ಸೀಲೆಂಟ್, ಒಂದು ರಾತ್ರಿ ಬಿಟ್ಟು ಮೇಲೆ ಕಾರ್ನೌಬಾ. ಈ ಕ್ರಮ ತಿರುವುಮುರುವು ಆಗಬಾರದು. ವ್ಯಾಕ್ಸ್ ಮೇಲೆ ಸೀಲೆಂಟ್ ಹಿಡಿಯುವುದಿಲ್ಲ.

ಹಚ್ಚುವ ಕೆಲಸ ಬೆಳಗಿನ ನೆರಳಲ್ಲಿ. ಬಾನೆಟ್ ಮುಟ್ಟಿದರೆ ತಣ್ಣಗಿರಬೇಕು. ಬಿಸಿಲಲ್ಲಿ ನಿಂತ ಕಪ್ಪು ಬಾನೆಟ್ ಕೈ ಸುಡುತ್ತದೆ, ಅದರ ಮೇಲೆ ಹಚ್ಚಿದರೆ ದ್ರಾವಕ ಥಟ್ಟನೆ ಆರಿ ವ್ಯಾಕ್ಸ್ ಕಚ್ಚಿಕೊಂಡುಬಿಡುತ್ತದೆ. ಬಂಪರಿನ ಕಪ್ಪು ಪ್ಲಾಸ್ಟಿಕ್, ರಬ್ಬರ್ ಪಟ್ಟಿಗಳಿಗೆ ಮೊದಲು ಮಾಸ್ಕಿಂಗ್ ಟೇಪ್ ಅಂಟಿಸುತ್ತೇನೆ. ಸ್ಪಂಜನ್ನು ಡಬ್ಬಿಯಲ್ಲಿ ಅರ್ಧ ಸುತ್ತು ತಿರುಗಿಸಿದರೆ ಅರ್ಧ ಬಾನೆಟ್‌ಗೆ ಸಾಕು. ಭಾವ ಪಕ್ಕದಲ್ಲಿ ನಿಂತು, "ಏನಪ್ಪಾ, ಡಬ್ಬಿ ತುಂಬಾ ಐತೆ, ಇನ್ನೊಂಚೂರು ಬಳಿಬಾರ್ದಾ?" ಅಂದರು. "ಬೇಡ ಭಾವ, ಜಾಸ್ತಿ ಬಳಿದ್ರೆ ಜಾಸ್ತಿ ಒರೆಸ್ಬೇಕು ಅಷ್ಟೆ," ಅಂದೆ. ದೋಸೆ ಕಾವಲಿಗೆ ಎಣ್ಣೆ ಸವರಿದಷ್ಟು ತೆಳುವಾಗಿರಬೇಕು. ದಪ್ಪ ಪದರದಲ್ಲಿ ಹೆಚ್ಚಿನದೆಲ್ಲ ಬಟ್ಟೆಗೇ ಹೋಗುತ್ತದೆ, ಕಪ್ಪಿನ ಮೇಲೆ ಎಣ್ಣೆ ಮೆತ್ತಿದ ಹಾಗೆ ಪಟ್ಟೆ ಉಳಿಯುತ್ತದೆ. ಗೋಲವಾಗಿ ಹಚ್ಚಬೇಕೋ ನೇರವಾಗಿ ಹಚ್ಚಬೇಕೋ ಅಂತ ದೊಡ್ಡ ವಾದ ನಡೆಯುತ್ತದೆ. ಬಣ್ಣ, ಸ್ಪಂಜು ಎರಡೂ ಶುದ್ಧವಾಗಿದ್ದರೆ ವ್ಯತ್ಯಾಸ ಇಲ್ಲ. ನಾನು ನೇರವಾಗಿ ಹಚ್ಚುತ್ತೇನೆ, ಎಲ್ಲಿ ಬಿಟ್ಟುಹೋಯಿತು ಅಂತ ಬೇಗ ಗೊತ್ತಾಗುತ್ತದೆ.

ಒರೆಸುವ ಹೊತ್ತು ಬಂತೋ ಇಲ್ಲವೋ ಅಂತ ಬೆರಳಿಂದ ಒಂದು ಗೆರೆ ಎಳೆದು ನೋಡುತ್ತೇನೆ. ಗೆರೆ ಸ್ವಚ್ಛವಾಗಿ, ಹೊಳೆಯುತ್ತಾ ಬಂದರೆ ಸರಿ. ಮಸುಕಾಗಿ ಮೆತ್ತಿಕೊಂಡರೆ ಇನ್ನೂ ಕಾಯಬೇಕು. ಚಳಿಗಾಲದ ಒಣ ಹವೆಯಲ್ಲಿ ಬೇಗ ಆಗುತ್ತದೆ, ಆಷಾಢದ ತೇವದಲ್ಲಿ ಸುಮಾರು ಹೊತ್ತು ಹಿಡಿಯುತ್ತದೆ. ಅವಸರ ಬೇಡ. ಮೈಕ್ರೋಫೈಬರ್ ಬಟ್ಟೆಯ ಲೇಬಲ್ ಮೊದಲೇ ಕತ್ತರಿಸಿರಬೇಕು, ಅದೂ ಗೀಚುತ್ತದೆ. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಒಂದರಲ್ಲಿ ವ್ಯಾಕ್ಸ್ ಎತ್ತಿ, ಇನ್ನೊಂದರಲ್ಲಿ ಕೊನೆಯ ಹೊಳಪು ಕೊಡುತ್ತೇನೆ. ಈ ಬಟ್ಟೆಗಳನ್ನು ಬೇರೆಯಾಗಿಯೇ ಒಗೆಯುವುದು. ಹತ್ತಿ ಬಟ್ಟೆ ಜೊತೆ ಹಾಕಿದರೆ ನಾರು ಅಂಟುತ್ತದೆ. ಬಟ್ಟೆ ಮೆತ್ತಗಾಗಲು ಹಾಕುವ ಕಂಡೀಷನರ್ ಹಾಕಿದರೆ ಎಳೆಗಳು ಮುಚ್ಚಿಹೋಗಿ ಗಾಜು, ಬಣ್ಣದ ಮೇಲೆ ಪಟ್ಟೆ ಬಿಡುತ್ತವೆ.

ವರ್ಷದಲ್ಲಿ ನಾನು ತಪ್ಪಿಸದ ಸಲ ಎಂದರೆ ಆಯುಧ ಪೂಜೆಗೆ ಮುಂಚಿನದು. ಆ ದಿನ ಬಾನೆಟ್ ಮೇಲೆ ಅರಿಶಿನ, ಕುಂಕುಮ, ಗಂಧ, ವಿಭೂತಿ ಎಲ್ಲ ಬೀಳುತ್ತದೆ. ಬೀಳಲೇಬೇಕು, ಅಮ್ಮ ಬಿಡುವುದೂ ಇಲ್ಲ. ವ್ಯಾಕ್ಸ್ ಇದ್ದರೆ ಬಣ್ಣ ಕ್ಲಿಯರ್ ಕೋಟ್‌ಗೆ ಇಳಿಯದೆ ಮೇಲೆಯೇ ನಿಲ್ಲುತ್ತದೆ. ಮಾರನೇ ದಿನ ಒಣ ಬಟ್ಟೆ ಮುಟ್ಟಿಸದೆ, ಮೊದಲು ನೀರು ಹಾಕಿ ನೆನೆಸಿ ಇಳಿಸುತ್ತೇನೆ. ವಿಭೂತಿ, ಒಣಗಿದ ಗಂಧ ಉಜ್ಜಿದರೆ ನುಣ್ಣನೆ ಸ್ಯಾಂಡ್‌ಪೇಪರ್ ಆಡಿಸಿದ ಹಾಗೆಯೇ. ಬಾಳೆಕಂದು ಕಟ್ಟುವಾಗ ಎಲೆ, ದಾರ ಬಣ್ಣಕ್ಕೆ ಉಜ್ಜದಂತೆ ಬಂಪರಿನ ಕೆಳಗೆ ಬಿಗಿಯುತ್ತೇನೆ.

ಹಕ್ಕಿ ಹಿಕ್ಕೆಗೆ ಮಾತ್ರ ವ್ಯಾಕ್ಸ್ ಇದೆ ಅಂತ ಸುಮ್ನೆ ಬಿಡಬಾರದು. ಅದರಲ್ಲಿ ಯೂರಿಕ್ ಆಮ್ಲ ಇರುತ್ತದೆ, ಬಿಸಿಲಿಗೆ ಕಾದ ಕಪ್ಪು ಬಣ್ಣದ ಮೇಲೆ ಬೇಗ ಗುರುತು ಬೀಳುತ್ತದೆ. ಡಿಕ್ಕಿಯಲ್ಲಿ ಒಂದು ಬಾಟಲಿ ನೀರು, ಒಂದು ಬಟ್ಟೆ ಇಟ್ಟಿರುತ್ತೇನೆ. ಒದ್ದೆ ಬಟ್ಟೆ ಒಂದೆರಡು ನಿಮಿಷ ಮೇಲೆ ಇಟ್ಟು, ನೆಂದ ಮೇಲೆ ಎತ್ತಿಬಿಡುವುದು. ಬೆಂಗಳೂರು ಹೆದ್ದಾರಿಯಲ್ಲಿ ಬಂಪರಿಗೆ ಹುಳ ಅಂಟಿದಾಗಲೂ ಇದೇ. ಮತ್ತೆ ಯಾವಾಗ ಹಚ್ಚಬೇಕು ಅನ್ನುವುದನ್ನು ಮಳೆ ನೀರು ನೋಡಿ ತಿಳಿಯುತ್ತೇನೆ. ಹನಿ ಗುಂಡಗೆ ನಿಂತು ಉರುಳಿ ಹೋಗುತ್ತಿದ್ದರೆ ಇನ್ನೂ ಸಮಯ ಇದೆ. ಬಾನೆಟ್ ಮೇಲೆ ನೀರು ಹಾಳೆಯಂತೆ ಹರಡಿ ನಿಲ್ಲತೊಡಗಿದರೆ, ಮುಂದಿನ ಭಾನುವಾರ ಬೆಳಿಗ್ಗೆ ಬಕೆಟ್ ಹಿಡಿಯುತ್ತೇನೆ.