ಮಡಿಕೇರಿಯ ಮಳೆ, ಎಲ್‌ಟಿಓ ಟೇಪ್, ಒಂದು ‘ಎನ್’ ಅಕ್ಷರ: ನನ್ನ ಅನುಭವ

2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮನೆ ಕಳೆದುಕೊಂಡಿದ್ದ ಒಂದು ಕುಟುಂಬ ಕೆಲವು ತಿಂಗಳಾದ ಮೇಲೆ ಮಡಿಕೇರಿಯ ನನ್ನ ಸ್ಟುಡಿಯೊಗೆ ಬಂತು. ಮಗಳ ಮದುವೆ ಫೋಟೊ ಇನ್ನೂ ಇದೆಯಾ ಅಂತ ಕೇಳಿದರು. ಆಲ್ಬಂ ಮಣ್ಣಿನಡಿ ಹೋಗಿತ್ತು. ನನ್ನ ಹಳೇ ಹಾರ್ಡ್‌ಡಿಸ್ಕ್‌ನಲ್ಲಿ ಅರ್ಧದಷ್ಟು ಫೈಲ್ ಮಾತ್ರ ತೆರೆದವು. ಆ ತಾಯಿಯ ಮುಖ ಮರೆಯಲು ಆಗಲಿಲ್ಲ. ಬ್ಯಾಕಪ್ ವಿಷಯ ಗಟ್ಟಿಯಾಗಿ ಹಿಡಿದದ್ದು ಆಮೇಲೆ.

ಎಲ್‌ಟಿಓ ಅಂದರೆ ಕಂಪ್ಯೂಟರ್ ಡೇಟಾ ಬರೆದಿಡುವ ಮ್ಯಾಗ್ನೆಟಿಕ್ ಟೇಪ್; ಪಕ್ಕದ ಅಂಕಿ ಅದರ ತಲೆಮಾರು. ಹಳೇ ಎಲ್‌ಟಿಓ-5 ಡ್ರೈವ್ ಒಂದನ್ನು ಕೊಂಡು, ಡೆಬಿಯನ್ ಲಿನಕ್ಸ್ ಇದ್ದ ಕಂಪ್ಯೂಟರ್‌ಗೆ ಎಸ್‌ಎಎಸ್ ಕಾರ್ಡ್ (ಇಂಥ ಡ್ರೈವ್ ಜೋಡಿಸುವ ಕಾರ್ಡ್) ಮೂಲಕ ಜೋಡಿಸಿದೆ. ಕಕ್ಕಡದಲ್ಲಿ (ಕೊಡಗಿನ ಮಳೆಗಾಲದ ತಿಂಗಳು) ಮದುವೆಗಳಿರುವುದಿಲ್ಲ, ಹಾಗಾಗಿ ಪುರುಸೊತ್ತು ಸಿಕ್ಕಿದ್ದು ಆಗಲೇ. ಟೇಪ್ ಖರೀದಿಸುವವರು ಒಂದು ಗಮನಿಸಿ: ಕವರ್ ಮೇಲಿನ 3 ಟಿಬಿ ಅನ್ನುವುದು ಕಂಪ್ರೆಷನ್ ಸೇರಿಸಿ ಹೇಳುವ ಲೆಕ್ಕ. ಫೋಟೊ, ವಿಡಿಯೊ ಮೊದಲೇ ಕುಗ್ಗಿಸಿದ ಫೈಲ್‌ಗಳು. ನಮಗೆ ಸಿಗುವುದು 1.5 ಟಿಬಿಯೇ.

ಡ್ರೈವ್ ಕಾಣಿಸುವುದು ಸುಲಭ. ‘ಎಲ್‌ಎಸ್‌ಸ್ಕಸಿ’ ಕಮಾಂಡ್ ಕೊಟ್ಟರೆ ‘ಟೇಪ್’ ಎಂಬ ಸಾಲು ಬರುತ್ತದೆ. ನಮ್ಮ ಯೂಸರನ್ನು ‘ಟೇಪ್’ ಗ್ರೂಪಿಗೆ ಸೇರಿಸಿದರೆ ರೂಟ್ (ಪೂರ್ಣ ಅಧಿಕಾರದ ಯೂಸರ್) ಆಗಿ ಕೂರಬೇಕಿಲ್ಲ. ಎಡವಿದ್ದು ಮುಂದೆ. ಒಂದೇ ಡ್ರೈವ್‌ಗೆ ಲಿನಕ್ಸ್ ಎರಡು ಹೆಸರು ಕೊಡುತ್ತದೆ: ‘ಎಸ್‌ಟಿ0’ ಮತ್ತು ‘ಎನ್‌ಎಸ್‌ಟಿ0’. ಮೊದಲನೆಯದರಲ್ಲಿ ಕೆಲಸ ಮುಗಿದ ಕೂಡಲೇ ಟೇಪ್ ತಾನಾಗಿ ಆರಂಭಕ್ಕೆ ಸುತ್ತಿಕೊಳ್ಳುತ್ತದೆ. ಎರಡನೆಯದರಲ್ಲಿ ನಿಂತಲ್ಲೇ ನಿಲ್ಲುತ್ತದೆ. ನಾನು ‘ಎಸ್‌ಟಿ0’ಗೆ ಒಂದು ಮದುವೆ ಬರೆದೆ, ಮರುದಿನ ಇನ್ನೊಂದು ಬರೆದೆ. ಎರಡನೆಯದು ಮೊದಲನೆಯದರ ಮೇಲೆಯೇ ಕೂತಿತ್ತು. ಮೊದಲನೆಯದು ದೊಡ್ಡದು, ಬಾಲವಾದರೂ ಉಳಿದಿರಬಹುದು ಅಂದುಕೊಂಡೆ. ಇಲ್ಲ. ಕೊನೆಯ ಬರವಣಿಗೆ ಎಲ್ಲಿ ನಿಂತಿತೋ ಅಲ್ಲಿಗೆ ಡ್ರೈವ್ ಡೇಟಾ ಮುಗಿಯಿತು ಅಂತ ಗುರುತು ಹಾಕುತ್ತದೆ, ಅದರಾಚೆ ಓದಲು ಬಿಡುವುದಿಲ್ಲ. ಡಿಸ್ಕ್‌ನಲ್ಲಿದ್ದ ಮೂಲ ಅಳಿಸಿರಲಿಲ್ಲ, ಅದೊಂದೇ ಪುಣ್ಯ.

ಈಗ ‘ಡೆವ್/ಟೇಪ್/ಬೈ-ಐಡಿ’ ಫೋಲ್ಡರಿನಲ್ಲಿ ‘-ಎನ್‌ಎಸ್‌ಟಿ’ ಎಂದು ಮುಗಿಯುವ ಹೆಸರನ್ನೇ ‘ಟೇಪ್’ ಎನ್‌ವಿರಾನ್‌ಮೆಂಟ್ ವೇರಿಯಬಲ್‌ಗೆ (ಪ್ರೋಗ್ರಾಂಗಳು ನೋಡಿಕೊಳ್ಳುವ ಸೆಟ್ಟಿಂಗ್) ಹಾಕಿಟ್ಟಿದ್ದೇನೆ. ಟೇಪ್ ಓಡಿಸುವ ‘ಎಂಟಿ’ ಕಮಾಂಡೂ ಫೈಲ್‌ಗಳನ್ನು ಒಟ್ಟುಗೂಡಿಸಿ ಬರೆಯುವ ‘ಟಾರ್’ ಕೂಡ ಅದನ್ನೇ ನೋಡುತ್ತವೆ, ಕೈತಪ್ಪಿಗೆ ಜಾಗವಿಲ್ಲ. ಬರೆಯುವ ಮುಂಚೆ ‘ಎಂಟಿ ಇಓಡಿ’ ಕೊಟ್ಟು ಕೊನೆಗೆ ಹೋಗುತ್ತೇನೆ. ಆಮೇಲೆ ‘ಎಂಟಿ ಸ್ಟೇಟಸ್’ ತೋರಿಸುವ ಫೈಲ್ ನಂಬರ್, ಮದುವೆ ಮನೆಯ ಹೆಸರು ಎರಡನ್ನೂ ನೋಟ್‌ಬುಕ್‌ನಲ್ಲಿ ಪೆನ್ನಿನಿಂದ ಬರೆದಿಡುತ್ತೇನೆ.

ಇನ್ನೊಂದು ಬ್ಲಾಕ್ ಸೈಜ್, ಅಂದರೆ ಟೇಪಿಗೆ ಒಂದು ಸಲಕ್ಕೆ ಬರೆಯುವ ತುಂಡಿನ ಅಳತೆ. ‘ಎಂಟಿ ಸೆಟ್‌ಬಿಎಲ್‌ಕೆ 0’ ಕೊಟ್ಟು (ಅಳತೆಯನ್ನು ಡ್ರೈವ್ ಕಟ್ಟಿಹಾಕದಂತೆ), ಟಾರ್‌ಗೆ ‘-ಬಿ 512’ ಹೇಳಿದರೆ ಒಂದೊಂದು ಬ್ಲಾಕ್ 256 ಕಿಲೋಬೈಟ್ ಆಗುತ್ತದೆ. ಓದುವಾಗಲೂ ಅದನ್ನೇ ಹೇಳಬೇಕು. ಮರೆತ ದಿನ ‘ಮೆಮೊರಿ ಸಿಗಲಿಲ್ಲ’ ಅಂತ ಎರರ್ ಬಂತು. ರ್‍ಯಾಮ್ ಕೆಟ್ಟಿತೆಂದು ಒಂದು ಸಂಜೆ ಪೂರ್ತಿ ಅದನ್ನೇ ಪರೀಕ್ಷಿಸುತ್ತ ಕೂತಿದ್ದೆ. ಕಾರಣ ಇಷ್ಟೇ: ಟೇಪಿನ ಬ್ಲಾಕ್ ದೊಡ್ಡದು, ಟಾರ್ ಹಿಡಿದು ನಿಂತ ಪಾತ್ರೆ ಚಿಕ್ಕದು.

ಎಲ್‌ಟಿಓ-5 ಸೆಕೆಂಡಿಗೆ 140 ಎಂಬಿ ನುಂಗುತ್ತದೆ. ಸಣ್ಣ ಸಣ್ಣ ಫೋಟೊಗಳನ್ನು ನನ್ನ ಡಿಸ್ಕ್ ಆ ವೇಗದಲ್ಲಿ ಕೊಡಲಾರದು. ಆಗ ಟೇಪ್ ನಿಂತು, ಹಿಂದೆ ಹೋಗಿ, ಮತ್ತೆ ಹೊರಡುತ್ತದೆ; ಆ ಗರಗರ ಸದ್ದು ಕೇಳಿದರೆ ಹೊಟ್ಟೆ ಉರಿಯುತ್ತದೆ, ಟೇಪೂ ಸವೆಯುತ್ತದೆ, ಹೆಡ್ಡೂ ಸವೆಯುತ್ತದೆ. ನಡುವೆ ಡೇಟಾ ಕೂಡಿಟ್ಟು ಕಳಿಸುವ ‘ಎಂಬಫರ್’ ಪ್ರೋಗ್ರಾಂ ಇಟ್ಟು 4 ಜಿಬಿ ತುಂಬಿದ ಮೇಲೆ ಹೊರಡುವಂತೆ ಮಾಡಿದೆ, ಸದ್ದು ಬಹುಪಾಲು ನಿಂತಿತು.

ಮಳೆಯದ್ದು ಬೇರೆಯೇ ತಲೆನೋವು. ಟೇಪ್ ವರ್ಷಗಟ್ಟಲೆ ಇಡಲು ತೇವ ಶೇಕಡಾ 20ರಿಂದ 50ರೊಳಗೆ ಇರಬೇಕು. ಆಷಾಢದಲ್ಲಿ ನನ್ನ ಕೋಣೆಯ ಮೀಟರ್ 90ರ ಮೇಲೇ ಇರುತ್ತದೆ, ಲೆನ್ಸ್‌ಗೆ ಬೂಸ್ಟು ಹಿಡಿಯುವ ಊರು ಇದು. ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, ಒಳಗೊಂದು ಚಿಕ್ಕ ಮೀಟರ್: ಇಷ್ಟು ಇಲ್ಲದೆ ಟೇಪ್ ಇಡುವುದಿಲ್ಲ. ಈಗ ಕಕ್ಕಡದಲ್ಲಿ ಬರೆಯುವುದನ್ನೂ ಬಿಟ್ಟೆ. ಆ ತಿಂಗಳು ಫೈಲ್ ಜೋಡಿಸುವುದಕ್ಕೆ ಮಾತ್ರ, ಟೇಪಿಗೆ ಹಾಕುವುದು ಫೆಬ್ರವರಿಯ ಒಣ ಹವೆಯಲ್ಲಿ. ಬರೆದ ಮೇಲೆ ‘ಟಾರ್ -ಡಿ’ಯಿಂದ ಮೂಲದ ಜೊತೆ ಹೋಲಿಸಿ ನೋಡುತ್ತೇನೆ. ಟೇಪ್ ತುಂಬಿದಾಗ, ಮತ್ತೆ ಬರೆಯದಂತೆ ತಡೆಯುವ ಲಾಕ್ ಗುಂಡಿ ಸರಿಸುತ್ತೇನೆ. ಎರಡನೇ ಪ್ರತಿ ಕುಶಾಲನಗರದ ಅಕ್ಕನ ಮನೆಯ ಕಪಾಟಿನಲ್ಲಿದೆ, ಅಲ್ಲಿ ಮಳೆ ಇಲ್ಲಿಗಿಂತ ಎಷ್ಟೋ ಕಡಿಮೆ.

ಉಳಿದಿರುವ ಚಿಂತೆ ಡ್ರೈವ್‌ನದು. ಎಲ್‌ಟಿಓ-7 ಡ್ರೈವ್ ನನ್ನ ಟೇಪ್ ಓದುತ್ತದೆ, ಎಲ್‌ಟಿಓ-8 ಓದುವುದಿಲ್ಲ. ಹಾಗಾಗಿ ಇನ್ನೊಂದು ಎಲ್‌ಟಿಓ-5 ಡ್ರೈವ್ ಹುಡುಕುತ್ತಿದ್ದೇನೆ. ಸಿಕ್ಕಿದ ದಿನ ಮೊದಲು ಓದಿಸುವುದು ಆ ಮನೆಯವರ ಮದುವೆಯ ಟೇಪನ್ನೇ, ಉಳಿದ ಆ ಅರ್ಧವನ್ನು.