ಗುಪ್ತಚರ ಕಡತಗಳ ಬೆನ್ನು ಹತ್ತಿ ಲೈಬ್ರರಿಯಲ್ಲಿ

ಬೇಹುಗಾರಿಕೆ ಅಂದ ಮೇಲೆ ಎಲ್ಲವೂ ಗುಟ್ಟು, ಲೈಬ್ರರಿಯಲ್ಲಿ ಏನು ಸಿಗುತ್ತೆ ಎಂದು ಅನೇಕರು ಕೇಳುತ್ತಾರೆ. ನನಗೆ ತಲೆನೋವಾಗಿದ್ದು ಸಿಕ್ಕಿದ್ದು ಜಾಸ್ತಿಯಾಗಿ! ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ 2017ರಲ್ಲಿ ಆನ್‌ಲೈನ್‌ಗೆ ಬಿಟ್ಟ, ಗೌಪ್ಯತೆ ತೆಗೆದ ಹಳೆಯ ಕಡತಗಳ ‘ಕ್ರೆಸ್ಟ್’ ಸಂಗ್ರಹವೊಂದರಲ್ಲೇ ಒಂದು ಕೋಟಿಗೂ ಹೆಚ್ಚು ಪುಟಗಳಿವೆ. ಪ್ರಶ್ನೆ ಚಿಕ್ಕದಾಗಿರದಿದ್ದರೆ ಅದರಲ್ಲಿ ಮುಳುಗಿಹೋಗುತ್ತೇವೆ.

ನಾನು ಹಿಡಿದಿದ್ದು 1962ರ ಕ್ಯೂಬಾ ಕ್ಷಿಪಣಿ ಬಿಕ್ಕಟ್ಟು. ಸೋವಿಯತ್ ಒಕ್ಕೂಟ ಅಲ್ಲಿ ಪರಮಾಣು ಕ್ಷಿಪಣಿ ಇಡುವುದು ಅನುಮಾನ ಎಂದು ಅಮೆರಿಕದ ಗುಪ್ತಚರ ಅಂದಾಜು ವರದಿ ಸೆಪ್ಟೆಂಬರ್ 19ರಂದು ಹೇಳಿತು. ಅಕ್ಟೋಬರ್ 14ಕ್ಕೆ ಅಮೆರಿಕದ ಬೇಹುಗಾರಿಕೆ ವಿಮಾನ ಯು-2 ಅವುಗಳ ಫೋಟೊ ತೆಗೆದುಕೊಂಡೇ ಬಂತು. ಅಷ್ಟು ಅನುಭವಸ್ಥರು ಎಡವಿದ್ದೆಲ್ಲಿ?

ಕ್ಯಾಟಲಾಗ್‌ನಲ್ಲಿ ಸುಮ್ನೆ ‘ಇಂಟೆಲಿಜೆನ್ಸ್’ ಅಂತ ಹಾಕಿದರೆ ಮನಶ್ಶಾಸ್ತ್ರ, ಕಂಪ್ಯೂಟರ್ ಪುಸ್ತಕಗಳ ರಾಶಿ ಬೀಳುತ್ತದೆ. ವಿಷಯ ಶೀರ್ಷಿಕೆಯ ಜಾಗದಲ್ಲಿ ‘ಇಂಟೆಲಿಜೆನ್ಸ್ ಸರ್ವಿಸ್’ ಎಂದು ಕೊಟ್ಟು, ಜೊತೆಗೆ ದೇಶದ ಹೆಸರು ಸೇರಿಸಿದೆ. ಪುಸ್ತಕಗಳನ್ನು ವಿಷಯವಾರು ನಂಬರ್ ಕೊಟ್ಟು ಜೋಡಿಸುವ ಡ್ಯೂಯಿ ಪದ್ಧತಿಯ ಲೈಬ್ರರಿಯಾದರೆ ಗೂಢಚರ್ಯೆಯ ಪುಸ್ತಕಗಳು 327.12ರಲ್ಲಿ ಸಿಗುತ್ತವೆ.

ಮೊದಲು ಓದಿದ್ದು ಸಂಶೋಧನಾ ಪತ್ರಿಕೆಗಳ ಲೇಖನಗಳನ್ನು, ಅದಕ್ಕಿಂತ ಹೆಚ್ಚಾಗಿ ಅವುಗಳ ಅಡಿಟಿಪ್ಪಣಿಗಳನ್ನು. ಅಲ್ಲಿಂದ ಅಮೆರಿಕದ ವಿದೇಶಾಂಗ ಇಲಾಖೆ ಪ್ರಕಟಿಸುವ ದಾಖಲೆ ಸಂಪುಟಗಳಿಗೆ ಹೋದೆ. ಅದರಲ್ಲಿ ಪ್ರತಿ ದಾಖಲೆಯ ಜೊತೆ ಮೂಲ ಪ್ರತಿ ಯಾವ ಸಂಗ್ರಹದಲ್ಲಿದೆ, ಎಷ್ಟು ಗೌಪ್ಯವಾಗಿತ್ತು ಎಂದು ಟಿಪ್ಪಣಿ ಇರುತ್ತದೆ. ನನಗೆ ತುಂಬಾ ಉಪಯೋಗಕ್ಕೆ ಬಂದಿದ್ದು ಇದೇ.

ಕ್ರೆಸ್ಟ್ ಪುಟಗಳ ಅಂಚಿನಲ್ಲಿ ಬಿಡುಗಡೆಯ ದಿನಾಂಕ, ಪಕ್ಕದಲ್ಲಿ ‘ಸಿಐಎ-ಆರ್‌ಡಿಪಿ’ ಎಂದು ಶುರುವಾಗುವ ನಂಬರ್ ಇರುತ್ತದೆ. ಎರಡನ್ನೂ ಬರೆದಿಟ್ಟುಕೊಳ್ಳುತ್ತಿದ್ದೆ. ಯಾಕೆಂದರೆ ಒಂದೇ ಕಾಗದ ಬೇರೆ ಬೇರೆ ವರ್ಷ ಬಿಡುಗಡೆಯಾಗಿರಬಹುದು. ಒಂದು ಪ್ರತಿಯಲ್ಲಿ ಮರೆಮಾಡಿದ ಸಾಲು ಇನ್ನೊಂದರಲ್ಲಿ ಬಯಲಾಗಿರುತ್ತದೆ. ಹೊಸ ಪ್ರತಿಯಲ್ಲೇ ಹೆಚ್ಚು ಸಿಗುತ್ತೆ ಅನ್ನೋ ಗ್ಯಾರಂಟಿಯೂ ಇಲ್ಲ.

ಸೆಪ್ಟೆಂಬರ್ ಅಂದಾಜನ್ನು ಮಾತ್ರ ಓದಿದರೆ ಕ್ಯೂಬಾಕ್ಕೆ ಕ್ಷಿಪಣಿ ಬರಬಹುದೆಂದು ಯಾರಿಗೂ ಸಂಶಯವೇ ಬಂದಿರಲಿಲ್ಲ ಅನ್ನಿಸುತ್ತೆ, ಅಲ್ವಾ? ಆದರೆ ಸಿಐಎ ಮುಖ್ಯಸ್ಥ ಜಾನ್ ಮೆಕೋನ್‌ಗೇ ಸಂಶಯವಿತ್ತು. ಆಗ ಅವರು ಮಧುಚಂದ್ರಕ್ಕೆಂದು ಫ್ರಾನ್ಸ್‌ನಲ್ಲಿದ್ದರು. ಅಲ್ಲಿಂದಲೇ ಎಚ್ಚರಿಕೆಯ ತಂತಿ ಕಳಿಸುತ್ತಿದ್ದರು. ಇತ್ತ ಇಂಥ ಅಂದಾಜುಗಳನ್ನು ತಯಾರಿಸುವ ಸಿಐಎ ಮಂಡಳಿಯ ಮುಖ್ಯಸ್ಥ ಶೆರ್ಮನ್ ಕೆಂಟ್ 1964ರಲ್ಲಿ ಸಿಐಎಯ ಒಳಪತ್ರಿಕೆಯಲ್ಲಿ ಆ ಅಂದಾಜನ್ನು ಸಮರ್ಥಿಸಿಕೊಂಡು ಬರೆದರು. ಓದುವಾಗ ನನಗೆ ನಗು ಬಂದಿದ್ದು ನಿಜ. ಆದರೂ ಆ ಲೇಖನ ಬಿಡಬೇಡಿ. ಇದ್ದ ಸುಳಿವುಗಳನ್ನು ಅವರು ಹೇಗೆ ತೂಗಿದರು ಅನ್ನೋದು ಅಷ್ಟು ಬಿಡಿಸಿ ನನಗೆ ಬೇರೆಲ್ಲೂ ಸಿಗಲಿಲ್ಲ.