ಲೈವ್ ಮೈಗ್ರೇಶನ್‌ಗೆ ಮುಂಚೆ ಡರ್ಟಿ ರೇಟ್ ಅಳೆದುಕೊಳ್ಳಿ

ಲಿನಕ್ಸ್‌ನಲ್ಲಿ ವಿಎಂ (ವರ್ಚುವಲ್ ಮಷೀನ್) ಓಡಿಸಲು ಕೆವಿಎಂ, ಅದನ್ನು ನಿಭಾಯಿಸಲು ಲಿಬ್‌ವರ್ಟ್ ಬಳಸುವವರಿಗೆ: ವಿಎಂ ಓಡುತ್ತಿರುವಾಗಲೇ ಅದನ್ನು ಬೇರೆ ಹೋಸ್ಟ್‌ಗೆ (ವಿಎಂ ಓಡಿಸುವ ಇನ್ನೊಂದು ಯಂತ್ರಕ್ಕೆ) ಸಾಗಿಸುವುದೇ ಲೈವ್ ಮೈಗ್ರೇಶನ್. ಅದಕ್ಕೆ ಮುಂಚೆ ಲಿಬ್‌ವರ್ಟ್‌ನ ಕಮಾಂಡ್ ಸಾಧನ ವಿರ್ಶ್‌ನ ಡಾಮ್‌ಡರ್ಟಿರೇಟ್-ಕ್ಯಾಲ್ಕ್ ಕಮಾಂಡ್ ಓಡಿಸಿ. ಆಮೇಲೆ ವಿರ್ಶ್‌ನದೇ ಡಾಮ್‌ಸ್ಟ್ಯಾಟ್ಸ್ ಕಮಾಂಡ್‌ನಲ್ಲಿ ಡರ್ಟಿರೇಟ್ ನೋಡಿ. ಸೆಕೆಂಡಿಗೆ ಎಷ್ಟು ಎಂಬಿ ಮೆಮೊರಿ ಬದಲಾಗುತ್ತಿದೆ ಎಂದು ಗೊತ್ತಾಗುತ್ತದೆ. 1 ಗಿಗಾಬಿಟ್ ಲಿಂಕ್‌ನಲ್ಲಿ ಹೋಗುವುದು ಸೆಕೆಂಡಿಗೆ ಹೆಚ್ಚೆಂದರೆ 125 ಎಂಬಿ. ರೇಟ್ ಅದಕ್ಕಿಂತ ಜಾಸ್ತಿ ಇದ್ದರೆ ಪ್ರೀ-ಕಾಪಿ (ವಿಎಂ ಓಡುತ್ತಿರುವಾಗಲೇ ಮೆಮೊರಿಯನ್ನು ಸುತ್ತು ಸುತ್ತಾಗಿ ನಕಲಿಸುವುದು) ಮುಗಿಯುವುದೇ ಇಲ್ಲ, ಗುಡಿಸಿದ ಜಾಗದಲ್ಲೇ ಮತ್ತೆ ಕಸ ಬಿದ್ದ ಹಾಗೆ. ಯಾಕೆಂದರೆ ಮೆಮೊರಿಯ 4 ಕೆಬಿ ತುಂಡಾದ ಪೇಜಿನಲ್ಲಿ ಒಂದೇ ಬೈಟ್ ಬದಲಾದರೂ ಬಿಟ್‌ಮ್ಯಾಪ್‌ನಲ್ಲಿ (ಯಾವ ಪೇಜ್ ಬದಲಾಯಿತು ಎಂಬ ಪಟ್ಟಿಯಲ್ಲಿ) ಗುರುತು ಬೀಳುತ್ತದೆ, ಆ ಪೇಜ್ ಮುಂದಿನ ಸುತ್ತಿನಲ್ಲಿ ಮತ್ತೆ ಹೋಗಬೇಕು. ಅಂಥ ವಿಎಂಗೆ ಮೊದಲೇ ಆಟೋ-ಕನ್ವರ್ಜ್ ಹಾಕಿ, ಮೆಮೊರಿ ಬದಲಾಗುವುದು ಕಮ್ಮಿಯಾಗಲೆಂದು ಅದು ಗೆಸ್ಟ್‌ನ (ಅಂದರೆ ವಿಎಂನ) ಸಿಪಿಯು ವೇಗ ತಗ್ಗಿಸುತ್ತದೆ. ಪೋಸ್ಟ್-ಕಾಪಿಯೂ (ವಿಎಂ ಅನ್ನು ಹೊಸ ಹೋಸ್ಟ್‌ನಲ್ಲಿ ಮೊದಲೇ ಓಡಿಸಿ, ಉಳಿದ ಮೆಮೊರಿಯನ್ನು ಆಮೇಲೆ ತರುವುದು) ಆಗುತ್ತದೆ, ಆದರೆ ನಡುವೆ ನೆಟ್‌ವರ್ಕ್ ಕಡಿದರೆ ವಿಎಂ ಅಲ್ಲೇ ನಿಂತುಬಿಡುತ್ತದೆ. ಡೇಟಾಬೇಸ್‌ಗೆ ನಾನಂತೂ ಅದನ್ನು ಹಾಕುವುದಿಲ್ಲ.

ಈ ಲೆಕ್ಕ ತಪ್ಪುವುದೂ ಉಂಟು. ಸುಮ್ನೆ ಓಡಿಸಿದರೆ ಅದು ಒಂದೇ ಸೆಕೆಂಡು ಅಳೆಯುತ್ತದೆ, ಅದೂ ಕೆಲವೇ ಪೇಜುಗಳ ಸ್ಯಾಂಪಲ್ ತೆಗೆದು. ಮೆಮೊರಿಗೆ ಬರೆಯುವುದೆಲ್ಲಾ ಒಂದು ಸಣ್ಣ ಜಾಗದಲ್ಲೇ ನಡೆಯುತ್ತಿದ್ದರೆ ಸ್ಯಾಂಪಲ್‌ಗೆ ಅದು ಸಿಗದೇ ಹೋಗಬಹುದು. ಅನುಮಾನ ಇದ್ದರೆ ಡರ್ಟಿ-ಬಿಟ್‌ಮ್ಯಾಪ್ ಮೋಡ್ (ಸ್ಯಾಂಪಲ್ ಬದಲು ಬಿಟ್‌ಮ್ಯಾಪ್ ನೋಡಿ ಅಳೆಯುವುದು) ಕೊಟ್ಟು ಮೂವತ್ತು ಸೆಕೆಂಡು ಅಳೆಯಿರಿ. ಆ ಹೊತ್ತಿಗೆ ಗೆಸ್ಟ್ ಸ್ವಲ್ಪ ನಿಧಾನ ಆಗುತ್ತದೆ, ಪರವಾಗಿಲ್ಲ. ರಾತ್ರಿ ಬ್ಯಾಕಪ್ ಓಡುವ ವಿಎಂ ಅನ್ನು ಹಗಲಲ್ಲಿ ಅಳೆದು ರಾತ್ರಿ ಸಾಗಿಸಿದರೆ ಈ ಅಂಕಿ ಯಾವ ಉಪಯೋಗಕ್ಕೂ ಬರಲ್ಲ.